ನಮ್ಮ ಸೀಮೆಯ ಚಹಾ: ಒಂದು ಕಪ್ಪು-ಬಸಿಯ ಚರಿತ್ರೆ

ಈ ಸಲದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ನಮ್ಮ ಮನೆಗೆ ಬಂದಿದ್ದರು. ಕೊಲ್ಹಾಪುರದ ಶಿಲಾಹಾರರನ್ನು ಕುರಿತೋ, ಖಿದ್ರಾಪುರದ ಕೊಪ್ಪೇಶ್ವರ ದೇವಾಲಯವನ್ನು ಕುರಿತೋ ನಾನು ಬರೆಯುವೆನೆಂದು ಅವರ ನಿರೀಕ್ಷೆ. ಮಾತಿನ ನಡುವೆ ಸೊಸೆ ಚಹಾ ತಂದಳು. ಬಂದ ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಬೇಡ, ಒಬ್ಬರಿಗೆ ಹಾಲು ಬೇಡ, ಮತ್ತೊಬ್ಬರಿಗೆ ಬೆಲ್ಲದ ಚಹಾವೇ ಆಗಬೇಕು. ನಾಲ್ಕನೆಯವರು ಅಂದು ಏಕಾದಶಿಯೆಂದು ಅನ್ನ ಬಿಟ್ಟಿದ್ದರು, ಚಹಾ ಬಿಟ್ಟಿರಲಿಲ್ಲ. ಅವರು ಎದ್ದು ಹೋದ ಮೇಲೆ ಖಾಲಿ ಕಪ್ಪುಗಳನ್ನು ನೋಡುತ್ತ ಕುಳಿತಾಗ, ಶಿಲಾಹಾರರ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ, ಈ ಕಪ್ಪಿನ ಬಗ್ಗೆ ನಾನೇಕೆ ಬರೆಯಬಾರದು ಎನ್ನಿಸಿತು. ಇತಿಹಾಸವು ಕೋಟೆ-ಕೊತ್ತಲಗಳಲ್ಲಿ ಇರುವಂತೆ ಅಡಿಗೆಮನೆಯ ಗೂಡಿನಲ್ಲಿಯೂ ಇರುತ್ತದೆ. ಆ ಗೂಡಿನಲ್ಲಿ ನಾನು ಕಂಡ ಒಂದು ಕಪ್ಪಿನ ವಿಷಯವನ್ನು ಈ ಲೇಖನದ ಕೊನೆಯಲ್ಲಿ ಹೇಳಲೇಬೇಕಾಗಿದೆ. ಅದಕ್ಕೂ ಮೊದಲು ಚಹಾ ನಮ್ಮ ಸೀಮೆಗೆ ಬಂದ ಕಥೆ.

ಎರಡು ಹೆಸರು, ಒಂದೇ ಎಲೆ

ಬೆಂಗಳೂರು, ಮೈಸೂರು ಕಡೆಯ ನೆಂಟರು ಬಂದಾಗ ಅವರು ‘ಟೀ’ ಎನ್ನುತ್ತಾರೆ, ನಾವು ‘ಚಹಾ’ ಎನ್ನುತ್ತೇವೆ. ನಮ್ಮ ಮಾತು ಮರಾಠಿಯ ಪ್ರಭಾವದಿಂದ ಕೆಟ್ಟದ್ದೆಂದು ಕೆಲವರು ನಗುವುದುಂಟು. ನಗಬೇಕಾದದ್ದಿಲ್ಲ. ಎರಡೂ ಹೆಸರುಗಳು ಹುಟ್ಟಿದ್ದು ಚೀನ ದೇಶದಲ್ಲಿಯೇ. ಆ ದೇಶದ ಬಹುಭಾಗದಲ್ಲಿ ಈ ಎಲೆಗೆ ‘ಚಾ’ ಎನ್ನುತ್ತಾರೆ. ಫೂಜಿಯನ್ ಕರಾವಳಿಯ ಮಾತಿನಲ್ಲಿ ಅದೇ ‘ತೇ’. ಆ ಕರಾವಳಿಯ ವರ್ತಕರಿಂದ ಕೊಂಡ ಡಚ್ಚರು ‘ತೇ’ ಎಂಬುದನ್ನು ಯುರೋಪಿಗೆ ಒಯ್ದರು. ಅದೇ ಇಂಗ್ಲಿಷಿನ ‘ಟೀ’. ನೆಲದ ದಾರಿಯಲ್ಲಿ ಪರ್ಷಿಯಾದ ಮೂಲಕ ಬಂದದ್ದು ‘ಚಾಯ್’. ಮಕಾವಿನಿಂದ ಪೋರ್ಚುಗೀಜರು ಒಯ್ದದ್ದು ‘ಚಾ’. ಹೀಗೆ ಒಂದೇ ಎಲೆ ಎರಡು ದಾರಿಯಲ್ಲಿ ಜಗತ್ತನ್ನು ಸುತ್ತಿ, ಕನ್ನಡದ ಒಂದು ಮನೆಗೆ ಮುಂಬಾಗಿಲಿನಿಂದಲೂ ಹಿತ್ತಿಲಿನಿಂದಲೂ ಪ್ರವೇಶಿಸಿದೆ.

ಭಾರತದಲ್ಲಿ ಚಹಾ ಕುಡಿಯುವುದನ್ನು ಇಂಗ್ಲಿಷರೇ ಕಲಿಸಿದರೆಂಬ ಮಾತು ಪೂರ್ತಿ ನಿಜವಲ್ಲ. 1638ರಲ್ಲಿ ಸುರತಕ್ಕೆ ಬಂದಿದ್ದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ, ಅಲ್ಲಿಯ ಕೂಟಗಳಲ್ಲಿ ಚಹಾ ಸೇವಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1689ರಲ್ಲಿ ಅದೇ ಸುರತದಲ್ಲಿದ್ದ ಪಾದ್ರಿ ಓವಿಂಗ್ಟನ್, ಅಲ್ಲಿಯ ಬನಿಯಾ ವರ್ತಕರು ಬಿಸಿ ಮಸಾಲೆಗಳೊಡನೆ ಚಹಾ ಕುದಿಸಿ ತಲೆನೋವಿಗೆ ಕುಡಿಯುತ್ತಿದ್ದರೆಂದು ಹೇಳುತ್ತಾನೆ. ಇಂದು ‘ಮಸಾಲಾ ಚಹಾ’ ಎಂದು ದೊಡ್ಡ ಅಕ್ಷರದಲ್ಲಿ ಫಲಕ ಹಾಕುವ ಅಂಗಡಿಯವರು ಇದನ್ನು ತಿಳಿದರೆ ಸಂತೋಷಪಟ್ಟಾರು. ಆದರೆ ಅದು ಬಂದರುಗಳ ಶ್ರೀಮಂತರ ಮಾತು. ದೂಧಗಂಗಾ-ವೇದಗಂಗೆಯರ ದಂಡೆಯ ರೈತನಿಗೆ ಆ ಎಲೆಯ ವಾಸನೆಯೂ ತಿಳಿದಿರಲಿಲ್ಲ.

ಬೆಲ್ಲ-ನೀರಿನ ಕಾಲ

ಹಾಗಾದರೆ ನಮ್ಮ ಹಿರಿಯರು ಬೆಳಗ್ಗೆ ಎದ್ದು ಏನು ಕುಡಿಯುತ್ತಿದ್ದರು? ಜೋಳದ ಅಂಬಲಿ, ಮಜ್ಜಿಗೆ, ಇದ್ದವರ ಮನೆಯಲ್ಲಿ ಹಾಲು. ಕೊಲ್ಹಾಪುರವು ಪೈಲವಾನರ ಊರು. ತಾಲೀಮಿನಿಂದ ಎದ್ದುಬಂದ ಹುಡುಗರು ಎಮ್ಮೆಯ ಬಿಸಿಯಾರದ ನೊರೆಹಾಲನ್ನು ನಿಂತಲ್ಲಿಯೇ ಕುಡಿಯುವ ಗಂಗಾವೇಶದ ಹಾಲಿನ ಕಟ್ಟೆಯನ್ನು ನೋಡದವರಾರು? ಮನೆಗೆ ಬಂದ ಅತಿಥಿಗೆ ಮೊದಲು ಕಾಲಿಗೆ ನೀರು, ಆಮೇಲೆ ಒಂದು ತುಂಡು ಬೆಲ್ಲ ಮತ್ತು ಒಂದು ತಂಬಿಗೆ ನೀರು. ಬಿಸಿಲಿನಲ್ಲಿ ನಡೆದು ಬಂದವನಿಗೆ ಬೆಲ್ಲವು ತಕ್ಷಣ ಶಕ್ತಿ ಕೊಡುತ್ತದೆ, ನೀರು ದಾಹ ಕಳೆಯುತ್ತದೆ. ನಮ್ಮ ಸೀಮೆಯ ಬೆಲ್ಲವೋ ಹೆಸರಾಂತದ್ದು. 1895ರಲ್ಲಿ ಶಾಹೂ ಮಹಾರಾಜರು ಶಾಹೂಪುರಿ ಪೇಟೆಯನ್ನು ಕಟ್ಟಿಸಿದ ಮೇಲೆ ಕೊಲ್ಹಾಪುರದ ಬೆಲ್ಲಕ್ಕೆ ದೊಡ್ಡ ಮಾರುಕಟ್ಟೆ ದೊರೆಯಿತು.

ಚಹಾ ನಮ್ಮ ಊರುಗಳಿಗೆ ಬಂದಾಗ ಅದು ಹೊಸ ಸ್ಥಾನವನ್ನು ಹುಡುಕಿಕೊಳ್ಳಲಿಲ್ಲ; ಬೆಲ್ಲ-ನೀರು ಕುಳಿತಿದ್ದ ಮಣೆಯ ಮೇಲೆಯೇ ಕುಳಿತಿತು. ಬೆಲ್ಲ ಮತ್ತು ನೀರು ಬೇರೆ ಬೇರೆಯಾಗಿದ್ದುದು ಒಂದೇ ಪಾತ್ರೆಯಲ್ಲಿ ಕುದಿಯತೊಡಗಿತು. ಅದಕ್ಕೇ ‘ಚಹಾ-ಪಾಣಿ ಆಯಿತೇ?’ ಎಂದು ಇಂದಿಗೂ ನೀರನ್ನು ಸೇರಿಸಿಯೇ ಕೇಳುತ್ತೇವೆ. ಅದೇ ‘ಚಹಾ-ಪಾಣಿ’ ಎಂಬ ಶಬ್ದವು ಕಚೇರಿಗಳ ಮೇಜಿನ ಕೆಳಗೆ ಬೇರೊಂದು ಅರ್ಥ ಪಡೆದದ್ದು ಆಮೇಲಿನ ಇತಿಹಾಸ. ಅದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಚಹಾ ನಮ್ಮ ಕಡೆಗೆ ಬಂದ ಬಗೆ

1823ರಲ್ಲಿ ರಾಬರ್ಟ್ ಬ್ರೂಸ್ ಎಂಬಾತನಿಗೆ ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡ ತಾನಾಗಿಯೇ ಬೆಳೆಯುತ್ತದೆಂಬುದು ಅಲ್ಲಿಯ ಸಿಂಗ್ಫೋ ಜನರಿಂದ ತಿಳಿಯಿತು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಅಲ್ಲಿಂದ ಮುಂದೆ ಅರ್ಧ ಶತಮಾನದವರೆಗೆ ಭಾರತದಲ್ಲಿ ಬೆಳೆದ ಚಹಾ ಭಾರತೀಯರಿಗಾಗಿ ಇರಲಿಲ್ಲ. ಹಡಗು ಹತ್ತಿ ಹೋಗುತ್ತಿತ್ತು. ಬೆಳೆದದ್ದು ಹೆಚ್ಚಾಗಿ, ಮಾರುಕಟ್ಟೆ ಸಾಲದಾದಾಗ ತೋಟದ ಮಾಲೀಕರ ಕಣ್ಣು ನಮ್ಮ ಮೇಲೆ ಬಿತ್ತು. 1903ರಲ್ಲಿ ಚಹಾ ಕರದ ಕಾಯಿದೆ ಬಂದಿತು. ರಫ್ತಾಗುವ ಚಹಾದ ಮೇಲೆ ಒಂದು ಸಣ್ಣ ಕರ ಹಾಕಿ, ಆ ಹಣದಿಂದ ಚಹಾದ ಪ್ರಚಾರ ಮಾಡುವುದು ಅದರ ಉದ್ದೇಶ. 1929ರ ಜಾಗತಿಕ ಆರ್ಥಿಕ ಕುಸಿತದ ನಂತರ ಬೆಲೆ ಬಿದ್ದು, 1933ರಲ್ಲಿ ಚಹಾ ಬೆಳೆಯುವ ದೇಶಗಳು ರಫ್ತಿನ ಮೇಲೆ ಮಿತಿ ಹಾಕಿಕೊಂಡವು. ಆಗ ಪ್ರಚಾರ ಇನ್ನಷ್ಟು ಬಿರುಸಾಯಿತು. ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವ ವಿಧಾನವನ್ನು ದೇಶಭಾಷೆಗಳಲ್ಲಿ ಬರೆದ ತಗಡಿನ ಫಲಕಗಳು, ಜಾತ್ರೆಗಳಲ್ಲಿ ಪುಕ್ಕಟೆ ಚಹಾ, ಒಂದು ಪೈಸೆಯ ಪೊಟ್ಟಣ. ಕುಡಿಯಲು ಬಾರದವರಿಗೆ ಕುಡಿಯಲು ಕಲಿಸುವುದೇ ಒಂದು ಉದ್ಯೋಗವಾಯಿತು.

ಮಿರಜದಿಂದ ಕೊಲ್ಹಾಪುರಕ್ಕೆ ರೈಲು ಬಂದದ್ದು 1891ರಲ್ಲಿ. ಮುಂಬಯಿ-ಪುಣೆಗಳ ಪದಾರ್ಥಗಳು ಈ ಹಳಿಯ ಮೇಲೆ ನಮ್ಮ ಕಡೆಗೆ ಇಳಿದವು. ದಕ್ಷಿಣದಲ್ಲಿ ಚಿಕ್ಕಮಗಳೂರು, ಕೊಡಗಿನ ಕಾಫಿ ಹತ್ತಿರವಿದ್ದುದರಿಂದ ಮೈಸೂರಿನವರು ಕಾಫಿಗೆ ಒಲಿದರು. ನಮಗೆ ಮುಂಬಯಿ ಹತ್ತಿರವಾದ್ದರಿಂದ ನಾವು ಚಹಾಕ್ಕೆ ಒಲಿದೆವು. ಶಾಹೂ ಮಹಾರಾಜರು ಪನ್ಹಾಳದ ಪರಿಸರದಲ್ಲಿ ಚಹಾ ಮತ್ತು ಕಾಫಿ ಬೆಳೆಯುವ ಪ್ರಯೋಗವನ್ನೂ ಮಾಡಿಸಿದ್ದರು. ಅದು ನೀಲಗಿರಿಯಂತೆ ಊರೂರಿಗೆ ಹಬ್ಬುವ ಉದ್ಯಮವಾಗಲಿಲ್ಲವಾದರೂ, ನಮ್ಮ ಸಂಸ್ಥಾನದ ನೆಲದಲ್ಲಿ ಒಂದು ಕಾಲಕ್ಕೆ ಚಹಾ ಗಿಡ ಚಿಗುರಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಚಹಾವನ್ನು ಊರಿನ ಜನಸಾಮಾನ್ಯರ ಪೇಯವನ್ನಾಗಿ ಮಾಡಿದ್ದು ದುಡಿಮೆ. 1904ರಲ್ಲಿ ಇಚಲಕರಂಜಿಯ ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಮಗ್ಗಗಳು ಹೆಚ್ಚಿದಂತೆ ಗಡಿಯ ಕನ್ನಡ ನೇಕಾರ ಕುಟುಂಬಗಳೂ ಆ ಪೇಟೆಗೆ ಬಂದು ನೆಲೆಸಿದವು. ಮಗ್ಗ ನಿಲ್ಲುವುದಿಲ್ಲ, ಹನ್ನೆರಡು ತಾಸಿನ ಪಾಳಿಯಲ್ಲಿ ಕಣ್ಣು ಮುಚ್ಚಿದರೆ ಎಳೆ ಹರಿಯುತ್ತದೆ. ಅಂಥ ರಾತ್ರಿಯಲ್ಲಿ ಎರಡು ತಾಸಿಗೊಮ್ಮೆ ಕಿಟ್ಲಿ ಹಿಡಿದು ಬರುವ ಹುಡುಗನೇ ಗಡಿಯಾರ. ನಮ್ಮ ಬಿದ್ರಿಯಲ್ಲಿ ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರಖಾನೆ ಬಂದ ಮೇಲೆ ಇಲ್ಲಿಯೂ ಅದೇ ಆಯಿತು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಬ್ಬಿನ ಚಕ್ಕಡಿಗಳು ಸಾಲುಗಟ್ಟಿ ಚಳಿಯಲ್ಲಿ ನಿಂತಿರುತ್ತಿದ್ದವು. ಚಕ್ಕಡಿಯ ಕೆಳಗೆ ಮಲಗಿದ ಕಬ್ಬು ಕಡಿಯುವವರ ಮನೆಮಂದಿ ನಸುಕಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹಾಲಿಲ್ಲದ ಕರೀ ಚಹಾ ಕಾಸಿ, ಮಕ್ಕಳಿಗೂ ಅದನ್ನೇ ಕುಡಿಸುತ್ತಿದ್ದರು. ಅದು ಹಸಿವನ್ನು ಒಂದು ತಾಸು ಮುಂದೂಡುವ ಉಪಾಯವಾಗಿತ್ತು. ಗಾಂಧೀಜಿಯವರಂಥವರು ಚಹಾವನ್ನು ವಿರೋಧಿಸಿದ್ದಕ್ಕೆ ಕಾರಣವಿತ್ತು. ಬಡವನ ಹೊಟ್ಟೆಗೆ ಬೇಕಾದ ಅಂಬಲಿಯ ಜಾಗವನ್ನು ಚಹಾ ತಿಂದುಹಾಕಿತೆಂಬುದನ್ನು ನಾವು ಮರೆಯಬಾರದು.

1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಮ್ಯಾಕರ್ಚರ್ ಎಂಬಾತ ಎಲೆಯನ್ನು ಜಜ್ಜಿ, ಹರಿದು, ಸುರುಳಿಗಟ್ಟಿಸುವ ಯಂತ್ರವನ್ನು ರೂಪಿಸಿದ. ಅದೇ ಇಂದಿನ ಸಿ.ಟಿ.ಸಿ. ಕಾಳು ಚಹಾ. ಉದ್ದನೆಯ ಎಲೆಯ ಚಹಾಕ್ಕಿಂತ ಇದು ಬೇಗ ಬಣ್ಣ ಬಿಡುತ್ತದೆ. ಒಂದೇ ತೂಕದಲ್ಲಿ ಹೆಚ್ಚು ಕಪ್ಪು ಆಗುತ್ತದೆ. ಎಮ್ಮೆಯ ಗಟ್ಟಿ ಹಾಲು ಹಾಕಿದರೂ ಇದರ ರುಚಿ ಸೋಲುವುದಿಲ್ಲ. ಎಮ್ಮೆಯ ಹಾಲಿನ ನಾಡಾದ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದಂತಾಯಿತು. 1963ರಲ್ಲಿ ಕೊಲ್ಹಾಪುರ ಜಿಲ್ಲಾ ಹಾಲು ಉತ್ಪಾದಕರ ಸಂಘ, ಅಂದರೆ ‘ಗೋಕುಳ’, ಸ್ಥಾಪನೆಯಾಗಿ ಊರೂರಿಗೆ ಹಾಲಿನ ಡೇರಿ ಬಂದಿತು. ಸಕ್ಕರೆ ಊರಿನಲ್ಲಿಯೇ, ಹಾಲು ಊರಿನಲ್ಲಿಯೇ; ಪುಡಿಯೊಂದು ಹೊರಗಿನದು.

ನಮ್ಮ ಚಹಾದ ಬಗೆಗಳು

ಪುಸ್ತಕದಲ್ಲಿ ಚಹಾದ ಬಗೆಗಳೆಂದರೆ ದಾರ್ಜಿಲಿಂಗ್, ಅಸ್ಸಾಂ, ನೀಲಗಿರಿ. ನಮ್ಮ ಮನೆಗಳಲ್ಲಿ ಬಗೆಗಳ ಲೆಕ್ಕವೇ ಬೇರೆ.

ಮೊದಲನೆಯದು ಬೆಲ್ಲದ ಚಹಾ. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ದಿನಗಳಲ್ಲಿ ಇದು ಬಡತನದ ಗುರುತು. ಈಗ ಹೆದ್ದಾರಿಯ ಅಂಗಡಿಗಳಲ್ಲಿ ಇದಕ್ಕೇ ಹೆಚ್ಚಿನ ದರ. ಬೆಲ್ಲದ ಚಹಾ ಮಾಡುವುದರಲ್ಲಿ ಒಂದು ಹದವಿದೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುವುದರಿಂದ ಹಾಲಿನೊಡನೆ ಕುದಿಸಿದರೆ ಒಡೆಯುತ್ತದೆ. ನಮ್ಮ ಅವ್ವ ನೀರಿನಲ್ಲಿ ಬೆಲ್ಲ, ಪುಡಿ, ಜಜ್ಜಿದ ಅಲ್ಲ ಹಾಕಿ ಕುದಿಸಿ, ಒಲೆಯಿಂದ ಇಳಿಸಿ, ಬೇರೆಯಾಗಿ ಕಾಸಿದ ಹಾಲನ್ನು ಆಮೇಲೆ ಕೂಡಿಸುತ್ತಿದ್ದಳು. ರಸಾಯನಶಾಸ್ತ್ರವನ್ನು ಆಕೆ ಓದಿರಲಿಲ್ಲ. ಒಡೆದ ಹಾಲಿನ ನಷ್ಟವೇ ಆಕೆಗೆ ಗುರು.

ಎರಡನೆಯದು ಮಳೆಗಾಲದ ಚಹಾ. ನಮ್ಮ ಕಡೆಯ ಆಷಾಢ-ಶ್ರಾವಣದ ಜಡಿಮಳೆಯನ್ನು ಬಲ್ಲವರಿಗೆ ಹಿತ್ತಿಲಿನ ಚಹಾ ಹುಲ್ಲಿನ ಬೆಲೆ ಗೊತ್ತು. ಮರಾಠಿಯವರು ಇದನ್ನು ‘ಗವತೀ ಚಹಾ’ ಎನ್ನುತ್ತಾರೆ. ಬಚ್ಚಲಿನ ನೀರು ಹರಿಯುವಲ್ಲಿ ಒಂದು ಗಡ್ಡೆ ಊರಿದರೆ ಸಾಕು. ಎರಡು ಗರಿ ಕೊಯ್ದು ಗಂಟು ಕಟ್ಟಿ ನೀರಿಗೆ ಹಾಕಿದರೆ ಮನೆಯೆಲ್ಲ ನಿಂಬೆಯ ಪರಿಮಳ. ನೆಗಡಿಯಾದವರಿಗೆ ತುಳಸಿ, ಮೆಣಸು. ಬಾಣಂತಿಯ ಮನೆಯಲ್ಲಿ ಒಣಶುಂಠಿ. ಬೀಗರು ಬಂದರೆ ಯಾಲಕ್ಕಿ. ಯಾಲಕ್ಕಿಯ ವಾಸನೆ ಪಡಸಾಲೆಗೆ ಬಂತೆಂದರೆ ಹೆಣ್ಣು ನೋಡುವವರು ಬಂದಿದ್ದಾರೆಂದು ನೆರೆಯವರಿಗೆ ತಿಳಿಯುತ್ತಿತ್ತು.

ಮೂರನೆಯದು ಅಂಗಡಿಯ ಚಹಾ. ಒಂದನ್ನು ಇಬ್ಬರು ಹಂಚಿಕೊಳ್ಳುವ ‘ಕಟಿಂಗ್’, ಹಾಲು ಹೆಚ್ಚು ಹಾಕಿದ ‘ಸ್ಪೆಷಲ್’, ರಾಜಸ್ಥಾನದಿಂದ ಬಂದವರು ಪುಣೆಯಲ್ಲಿ ಹೆಸರು ಮಾಡಿದ ‘ಅಮೃತತುಲ್ಯ’, ಹಾಲನ್ನು ಬತ್ತಿಸಿ ಮಾಡುವ ‘ಬಾಸುಂದಿ ಚಹಾ’. ಗಡಹಿಂಗ್ಲಜದ ಸಂತೆಯ ದಿನ ನೂಲ, ಹಲಕರ್ಣಿಗಳ ಕಡೆಯಿಂದ ಮೆಣಸಿನಕಾಯಿ, ಬೆಲ್ಲ ತಂದ ರೈತರು ವ್ಯಾಪಾರ ಕುದುರಿದ ಮೇಲೆ ಚಹಾದ ಅಂಗಡಿಯಲ್ಲಿ ಕುಳಿತರೆ, ಒಂದು ಬಾಕಿನ ಮೇಲೆ ಕನ್ನಡ, ಎದುರಿನ ಬಾಕಿನ ಮೇಲೆ ಮರಾಠಿ, ನಡುವೆ ಒಂದೇ ಕಿಟ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಿಪ್ಪಾಣಿ ಅತ್ತ, ಕಾಗಲ ಇತ್ತ ಎಂದು ಗೆರೆ ಬಿದ್ದಿತು. ಚಹಾ ಅಂಗಡಿಯ ಬಾಕಿಗೆ ಆ ಗೆರೆ ತಾಕಲಿಲ್ಲ. ಆದರೆ ಆ ಅಂಗಡಿಯೊಳಗೆ ಬೇರೊಂದು ಗೆರೆ ಮೊದಲಿನಿಂದಲೂ ಇತ್ತು. ಈಗ ಆ ಮಾತಿಗೆ ಬರುತ್ತೇನೆ.

ಪುಣೆಯ ಚಹಾ ಪ್ರಕರಣ

ಚಹಾ ಜಾತಿಯ ಪ್ರಶ್ನೆಯಾದದ್ದೇಕೆ? ನಮ್ಮ ಹಳೆಯ ಸಮಾಜದಲ್ಲಿ ಹಣ್ಣು, ಧಾನ್ಯಗಳನ್ನು ಯಾರಿಂದಲಾದರೂ ಕೊಳ್ಳಬಹುದಾಗಿತ್ತು. ನೀರು ಮತ್ತು ಬೇಯಿಸಿದ ಪದಾರ್ಥಗಳಿಗೆ ಮಾತ್ರ ನಿಷೇಧ. ಚಹಾದಲ್ಲಿ ಈ ಎರಡೂ ಇವೆ. ಅದರ ಮೇಲೆ ಪಿಂಗಾಣಿಯ ಕಪ್ಪು. ಹಿತ್ತಾಳೆಯ ಪಾತ್ರೆಯನ್ನು ಬೂದಿ, ಹುಣಸೆಹಣ್ಣು ಹಚ್ಚಿ ಬೆಳಗಿದರೆ ಶುದ್ಧವಾಯಿತೆಂದು ನಂಬುತ್ತಿದ್ದರು. ಮಣ್ಣಿನ ಜಾತಿಯ ಪಾತ್ರೆಗೆ ಶುದ್ಧಿಯಿಲ್ಲ. ಮೈಸೂರು ಕಡೆಯ ಲೋಟದಿಂದ ತುಟಿ ತಾಕಿಸದೆ ಎತ್ತಿ ಕುಡಿಯಬಹುದು. ಕಪ್ಪು-ಬಸಿಗೆ ತುಟಿ ತಾಕಲೇಬೇಕು. ಆದ್ದರಿಂದ ಬಸಿಯಲ್ಲಿ ಚಹಾ ಕುಡಿಯುವ ನಮ್ಮ ಸೀಮೆಯಲ್ಲಿ ಎಂಜಲಿನ ಪ್ರಶ್ನೆ ಹೆಚ್ಚು ತೀಕ್ಷ್ಣವಾಯಿತೆಂದು ನನಗೆ ತೋರುತ್ತದೆ.

1890ರ ಅಕ್ಟೋಬರದಲ್ಲಿ ಪುಣೆಯ ಪಂಚಹೌದ್ ಮಿಶನ್ನಿನಲ್ಲಿ ಒಂದು ವ್ಯಾಖ್ಯಾನ ಏರ್ಪಟ್ಟಿತ್ತು. ನ್ಯಾಯಮೂರ್ತಿ ರಾನಡೆ, ಬಾಳ ಗಂಗಾಧರ ತಿಲಕ ಮೊದಲಾದ ಗಣ್ಯರು ಹೋಗಿದ್ದರು. ಕೊನೆಯಲ್ಲಿ ಪಾದ್ರಿಗಳು ಚಹಾ-ಬಿಸ್ಕಿಟು ಕೊಟ್ಟರು. ಕೆಲವರು ಕುಡಿದರು, ಕೆಲವರು ಕಪ್ಪನ್ನು ಮುಟ್ಟಿ ಇಟ್ಟರು. ಈ ಏರ್ಪಾಡಿನ ಹಿಂದೆ ಇದ್ದವರು ಗೋಪಾಳರಾವ್ ಜೋಶಿ. ಅಮೆರಿಕೆಯಲ್ಲಿ ವೈದ್ಯಶಾಸ್ತ್ರ ಓದಿ ಬಂದು ಕೊಲ್ಹಾಪುರದ ಆಸ್ಪತ್ರೆಗೆ ನೇಮಕಗೊಂಡರೂ, ಕೆಲಸಕ್ಕೆ ಸೇರುವ ಮೊದಲೇ 1887ರಲ್ಲಿ ತೀರಿಕೊಂಡ ಡಾ. ಆನಂದಿಬಾಯಿ ಜೋಶಿಯವರ ಪತಿ ಇವರು. ಬಂದವರ ಹೆಸರುಗಳನ್ನು ಅವರು ಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟರು. ಊರೆಲ್ಲ ಗದ್ದಲ. ಸಂಪ್ರದಾಯಸ್ಥರ ದೂರು ಶಂಕರಾಚಾರ್ಯ ಪೀಠದವರೆಗೆ ಹೋಯಿತು, ವಿಚಾರಣೆ ನಡೆಯಿತು. ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿರುವುದಾಗಿ ತಿಲಕರು ಹೇಳಿದರು. ಕಡೆಗೆ ರಾನಡೆಯವರಂಥ ಸುಧಾರಕರೂ ಪ್ರಾಯಶ್ಚಿತ್ತಕ್ಕೆ ಒಪ್ಪಿದರು. ಹೈಕೋರ್ಟಿನ ನ್ಯಾಯಪೀಠದವರೆಗೆ ಏರಿದ ವ್ಯಕ್ತಿಯನ್ನೂ ಒಂದು ಕಪ್ಪು ಚಹಾ ತಲೆತಗ್ಗಿಸುವಂತೆ ಮಾಡಿತು.

ಗಂಗಾರಾಮ ಕಾಂಬಳೆಯವರ ಹೋಟೆಲು

ಅದೇ ಚಹಾ ಮೂರು ದಶಕಗಳೊಳಗಾಗಿ ಕೊಲ್ಹಾಪುರದಲ್ಲಿ ಬೇರೊಂದು ಕೆಲಸ ಮಾಡಿತು. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹೂ ಮಹಾರಾಜರು ಮೂಲತಃ ನಮ್ಮ ಕಾಗಲದ ಘಾಟಗೆ ಮನೆತನದವರು. ವೇದೋಕ್ತ ಮಂತ್ರಗಳಿಗೆ ತಾವು ಅರ್ಹರಲ್ಲವೆಂಬ ಮಾತನ್ನು ಅರಸರಾಗಿಯೂ ಕೇಳಿಸಿಕೊಂಡವರು. ಅವಮಾನದ ರುಚಿ ಅವರಿಗೆ ಗೊತ್ತಿತ್ತು. 1902ರ ಜುಲೈ 26ರಂದು ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರಷ್ಟು ಮೀಸಲಾತಿಯ ಆಜ್ಞೆ ಹೊರಡಿಸಿದರು. 1919ರಲ್ಲಿ ಸಾರ್ವಜನಿಕ ಬಾವಿ, ಶಾಲೆ, ದವಾಖಾನೆಗಳಲ್ಲಿ ಅಸ್ಪೃಶ್ಯತೆ ಆಚರಿಸಬಾರದೆಂದು ಆಜ್ಞಾಪಿಸಿದರು.

ಅವರ ಕುದುರೆ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ನೌಕರರಿದ್ದರು. ಮಹಾರಾಜರು ಊರಲ್ಲಿಲ್ಲದಾಗ, ಮೇಲ್ಜಾತಿಯ ನೌಕರರಿಗೆಂದು ಇದ್ದ ಹೌದಿನ ನೀರನ್ನು ಮುಟ್ಟಿದರೆಂದು ಅವರನ್ನು ಇತರ ನೌಕರರು ರಕ್ತ ಬರುವಂತೆ ಹೊಡೆದರು. ಹಿಂತಿರುಗಿದ ಮಹಾರಾಜರ ಮುಂದೆ ಗಂಗಾರಾಮರು ಬೆನ್ನು ತೋರಿಸಿದರು. ಹೊಡೆದವರಿಗೆ ಶಿಕ್ಷೆಯಾಯಿತು. ಆದರೆ ಮಹಾರಾಜರು ಅಲ್ಲಿಗೇ ನಿಲ್ಲಿಸಲಿಲ್ಲ. ನೌಕರಿ ಬಿಟ್ಟು ಸ್ವಂತ ಉದ್ಯೋಗ ಮಾಡೆಂದು ಹೇಳಿ ಹಣದ ನೆರವು ಕೊಟ್ಟರು. ಗಂಗಾರಾಮರು ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ‘ಸತ್ಯಸುಧಾರಕ’ ಎಂಬ ಚಹಾದ ಹೋಟೆಲು ತೆರೆದರು. ಮುಟ್ಟಬಾರದವನ ಕೈಯ ಚಹಾ, ಒಳಗೆ ಕಾಲಿಡುವವರಾರು? ಅಂಗಡಿ ಖಾಲಿ.

ಮಹಾರಾಜರು ಸವಾರಿ ಹೊರಟಾಗ ಗಾಡಿಯನ್ನು ಆ ಹೋಟೆಲಿನ ಮುಂದೆ ನಿಲ್ಲಿಸಿ, ಗಂಗಾರಾಮರನ್ನು ಹೆಸರು ಹಿಡಿದು ಕೂಗಿ, ಚಹಾ ತರಿಸಿ ಕುಡಿಯತೊಡಗಿದರು. ಜೊತೆಯಲ್ಲಿದ್ದ ಸರದಾರರಿಗೂ ಕೊಡಿಸುತ್ತಿದ್ದರು. ಅರಸನೇ ಕುಡಿದ ಮೇಲೆ ಸರದಾರನು ಬೇಡವೆನ್ನುವುದು ಹೇಗೆ? ಸಹಿಗಾಗಿ ಬಂದವರನ್ನೂ ಮೊದಲು ಅಲ್ಲಿ ಚಹಾ ಕುಡಿದು ಬಾ ಎಂದು ಕಳಿಸುತ್ತಿದ್ದರೆಂದು ಕೊಲ್ಹಾಪುರದ ಹಿರಿಯರು ಹೇಳುತ್ತಿದ್ದರು. ಆಜ್ಞೆಯ ಕಾಗದವನ್ನು ಓದದವರೂ ರಸ್ತೆಯ ನಡುವೆ ನಿಂತ ಆ ಗಾಡಿಯನ್ನು ನೋಡಿದರು. ಕಾನೂನು ಬಾವಿಯ ಹಗ್ಗವನ್ನು ಕೈಗೆ ಕೊಟ್ಟೀತು. ಜೊತೆಗೆ ಕುಳಿತು ಕುಡಿಯುವವನನ್ನು ತಂದುಕೊಡಲಾರದು. ಅದನ್ನು ಅರಿತ ಅರಸರು ತಾವೇ ಕುಳಿತು ಕುಡಿದರು.

1920ರ ಮಾರ್ಚ 21 ಮತ್ತು 22ರಂದು ಮಾಣಗಾವದಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ತರುಣ ಅಂಬೇಡ್ಕರರನ್ನು ದಲಿತರ ನಾಯಕರೆಂದು ಸಾರಿದರು. 1922ರ ಮೇ 6ರಂದು ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು. ಆಮೇಲೆ ಕೊಲ್ಹಾಪುರದ ನರ್ಸರಿ ಬಾಗಿನಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಲು ಮುಂದಾದವರು ಇದೇ ಗಂಗಾರಾಮ ಕಾಂಬಳೆಯವರು. ಕುಡಿದ ಚಹಾದ ಋಣವನ್ನು ಕುಡಿದವರಿಗಿಂತ ಕೊಟ್ಟವರೇ ಹೆಚ್ಚು ನೆನಪಿಟ್ಟಿದ್ದರು.

ಗೂಡಿನಲ್ಲಿದ್ದ ಕಪ್ಪು

ಮೂವತ್ತೈದು ವರ್ಷ ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ತರಗತಿಯಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ನನಗೆ ಹತ್ತು-ಹನ್ನೊಂದು ವರ್ಷ. ನನ್ನ ಬಾಕಿನಲ್ಲಿ ಕುಳಿತು ಓದುತ್ತಿದ್ದ ಗೆಳೆಯನೊಬ್ಬ, ನಮ್ಮ ಅಪ್ಪ, ನಾನು ಸಂತೆಗೆ ಹೋಗಿದ್ದೆವು. ಅಪ್ಪ ಚಹಾ ಕೊಡಿಸಿದರು. ನಾವು ಒಳಗೆ ಬಾಕಿನ ಮೇಲೆ ಕುಳಿತೆವು. ಗೆಳೆಯ ಯಾರೂ ಹೇಳದೆಯೇ ಅಂಗಡಿಯ ಹಿಂದಿನ ಗೋಡೆಗೆ ಹೋಗಿ, ಅಲ್ಲಿಯ ಗೂಡಿನಿಂದ ಕಿವಿ ಮುರಿದ ಒಂದು ಕಪ್ಪು ತಂದು ಹಿಡಿದ. ಅಂಗಡಿಯವನು ಮೇಲಿನಿಂದ ಸುರಿದ. ಕುಡಿದ ಮೇಲೆ ಗೆಳೆಯ ಅದನ್ನು ತಾನೇ ತೊಳೆದು ಬೋರಲು ಹಾಕಿ ಬಂದ. ದುಡ್ಡು ಮೂರು ಕಪ್ಪಿನದೂ ಒಂದೇ. 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತ್ತು. 1955ರ ಕಾಯಿದೆಯು ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತ್ತು. ಗೂಡಿನಲ್ಲಿಯ ಕಪ್ಪಿಗೆ ಅದಾವುದೂ ತಿಳಿದಿರಲಿಲ್ಲ. ನಾನಾದರೂ ಹುಡುಗ, ಲೋಕವಿರುವುದೇ ಹಾಗೆ ಎಂದುಕೊಂಡೆ.

ಹದಿನೈದು ವರ್ಷ ಕಳೆದವು. ನಾನು ಬಿ.ಎ., ಬಿ.ಎಡ್. ಮಾಡಿ ಮಾಸ್ತರನಾದೆ, ಆ ಗೆಳೆಯನೂ ಬೇರೊಂದು ಊರಿನಲ್ಲಿ ಮಾಸ್ತರನಾದ. ಒಂದು ದೀಪಾವಳಿಗೆ ಅವನು ನಮ್ಮ ಮನೆಗೆ ಬಂದ. ಪಡಸಾಲೆಯಲ್ಲಿ ಕೂಡಿಸಿದೆ. ಅವ್ವ ಎರಡು ಕಪ್ಪು ಚಹಾ ತಂದಳು. ನನ್ನದು ಹೂವಿನ ಚಿತ್ರದ ಕಪ್ಪು, ಬಸಿ ಸಹಿತ. ಅವನದು ಬಸಿಯಿಲ್ಲದ, ನೀಲಿ ಗೆರೆಯ ಕಪ್ಪು. ಅದು ನಮ್ಮ ಹಿತ್ತಿಲಿನ ಗೂಡಿನಲ್ಲಿ ಇರುತ್ತಿದ್ದುದು. ಯಾರಿಗೆಂದು ಇಟ್ಟದ್ದೆಂಬುದು ನನಗೆ ಗೊತ್ತಿತ್ತು. ಅವನಿಗೂ ನೋಡಿದೊಡನೆ ಗೊತ್ತಾಯಿತು. ಅವನು ಮಾತು ನಿಲ್ಲಿಸದೆ ಕುಡಿದ. ಎದ್ದು, ಹಿತ್ತಿಲಿಗೆ ಹೋಗಿ, ತೊಳೆದು, ಬೋರಲು ಹಾಕಿ ಬಂದ. ಅದೇ ವಾರ ನಾನು ಶಾಲೆಯಲ್ಲಿ 17ನೆಯ ವಿಧಿಯ ಪಾಠ ಮಾಡಿ ಮುಗಿಸಿದ್ದೆ. ನನ್ನ ಹೂವಿನ ಕಪ್ಪನ್ನು ಅವನ ಕೈಗೆ ಕೊಟ್ಟು ಅವನದನ್ನು ನಾನು ತೆಗೆದುಕೊಳ್ಳಲು ಒಂದು ಕ್ಷಣ ಸಾಕಾಗಿತ್ತು. ಅವ್ವ ಬೇಸರಪಟ್ಟಾಳೆಂದು ಸುಮ್ಮನಿದ್ದೆ.

ಮರುದಿನ ಆ ಕಪ್ಪನ್ನು ಒಡೆದು ಹಾಕಿದೆನೆಂದು ಬರೆದರೆ ಈ ಲೇಖನಕ್ಕೆ ಶೋಭೆ ಬಂದೀತು. ಒಡೆಯಲಿಲ್ಲ. ಇನ್ನೂ ಐದಾರು ವರ್ಷ ಅದು ಅಲ್ಲಿಯೇ ಇತ್ತು. ಗೆಳೆಯ ಮಾತ್ರ ಮತ್ತೆ ನಮ್ಮ ಮನೆಗೆ ಬರಲಿಲ್ಲ. ದಾರಿಯಲ್ಲಿ, ಸಭೆಯಲ್ಲಿ ಸಿಕ್ಕಾಗ ಹಿಂದಿನಂತೆಯೇ ನಗುನಗುತ್ತ ಮಾತನಾಡುತ್ತಿದ್ದ.

ನಾನು ನಿವೃತ್ತನಾದ ವರ್ಷ ಅವನ ಮನೆಗೆ ಹೋದೆ. ಅವನ ಹೆಂಡತಿ ಬೆಲ್ಲದ ಚಹಾ ತಂದು ಕೊಟ್ಟರು. ಇಬ್ಬರಿಗೂ ಒಂದೇ ಬಗೆಯ ಕಪ್ಪು-ಬಸಿ. ಆ ದೀಪಾವಳಿಯ ಮಾತನ್ನು ನಾನೇ ತೆಗೆದೆ. ಅವನು ಬಹಳ ಹೊತ್ತು ಬಸಿಯನ್ನು ನೋಡುತ್ತಿದ್ದು ಹೇಳಿದ:

“ನಿಮ್ಮ ಅವ್ವ ಮಾಡಿದ ಚಹಾ ಛಲೋ ಇತ್ತೋ. ಆಕಿದೇನೂ ನನಗ ಸಿಟ್ಟಿಲ್ಲ. ನೀ ಒಂದು ಮಾತು ಆಡಬೇಕಾಗಿತ್ತು.”

ನನ್ನ ಬಳಿ ಉತ್ತರವಿರಲಿಲ್ಲ. ಅವನೇ ಮುಂದುವರಿಸಿದ: “ಕುಡಿಯೋ, ಆರತೈತಿ.”

ಕೊನೆಯ ಮಾತು

ಇಂದು ನಮ್ಮ ಸಮ್ಮೇಳನದ ಮಂಟಪದ ಪಕ್ಕದಲ್ಲಿ ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಒಂದೇ ಚಹಾ ದೊರೆಯುತ್ತದೆ. ಕುಡಿದು ಎಸೆಯುವ ಕಪ್ಪು ಎಂಜಲಿನ ಪ್ರಶ್ನೆಯನ್ನು ಮುಗಿಸಿತು. ಅಂಗಡಿಯ ಹಿಂದಿನ ಗೂಡು ಈಗ ಕಾಣುವುದಿಲ್ಲ. ಆದರೆ ಮನೆಯ ಕಪ್ಪು-ಬಸಿ ಯಾರ ಯಾರ ಮುಂದೆ ಬರುತ್ತದೆ ಎಂಬುದನ್ನು ಯಾವ ಕಾಗದದ ಕಪ್ಪೂ ನಿರ್ಧರಿಸಲಾರದು. ಅದು ಆಯಾ ಮನೆಯವರಿಗೆ ಬಿಟ್ಟದ್ದು.

ನಮ್ಮ ಸಂಘದ ಹಿರಿಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ಗಡಿಯ ಕನ್ನಡಿಗರ ಇತಿಹಾಸವೆಂದರೆ ನಮಗೆ ಶಾಸನಗಳು, ಹೋರಾಟಗಳು, ಆಯೋಗದ ವರದಿಗಳು ನೆನಪಾಗುತ್ತವೆ. ಅವು ಬೇಕು. ಅವುಗಳ ಜೊತೆಗೆ ನಿಮ್ಮ ಮನೆಯ ಗೂಡುಗಳಲ್ಲಿ ಏನಿತ್ತು, ಯಾರು ಎಲ್ಲಿ ಕುಳಿತು ಕುಡಿದರು ಎಂಬುದನ್ನೂ ಮೊಮ್ಮಕ್ಕಳಿಗೆ ಹೇಳಿರಿ. ನಮಗೆ ಆದ ಅನ್ಯಾಯವನ್ನು ಹೇಳುವಷ್ಟೇ ಸ್ಪಷ್ಟವಾಗಿ ನಾವು ಮಾಡಿದ ಅನ್ಯಾಯವನ್ನೂ ಹೇಳಿದಾಗ ಮಾತ್ರ ಇತಿಹಾಸದ ಪಾಠ ಪೂರ್ತಿಯಾಗುತ್ತದೆ. ಆ ಗೆಳೆಯ ಈಗ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಾನೆ. ಸಕ್ಕರೆ ಕಾಯಿಲೆಯಿಂದ ಇಬ್ಬರಿಗೂ ಸಿಹಿ ವರ್ಜ್ಯ. ಸೊಸೆ ಚಹಾ ಹುಲ್ಲು ಹಾಕಿ ಕುದಿಸಿ ತರುತ್ತಾಳೆ. ನಾವು ಬಸಿಗೆ ಸುರಿದುಕೊಂಡು, ಊದಿ ಊದಿ, ಆರುವ ಮೊದಲು ಕುಡಿಯುತ್ತೇವೆ.